ಹೆದರಿಕೆಯೇ ಇಲ್ಲದ ನಾಯಕ

"ಮೇಡಂ, ಸಿನಿಮಾ ಹೇಗಿತ್ತು? ಒಂದೇ ಮಾತು ಹೇಳಿ!"

ಥಿಯೇಟರಿನ ಬಾಗಿಲು ದಾಟುವಷ್ಟರಲ್ಲಿ ಅಶ್ಮಿತಾಳ ಮೂಗಿನ ಮುಂದೆ ಮೈಕ್ ಬಂದು ನಿಂತಿತು. ಮೈಕಿನ ಹಿಂದೆ ಮೊಬೈಲು, ಮೊಬೈಲಿನ ಹಿಂದೆ ಒಬ್ಬ ಎತ್ತರದ ಹುಡುಗ. ಕೊರಳಲ್ಲಿ ಊರಿನವರ ಸಂಘದ ಸ್ವಯಂಸೇವಕರ ಬ್ಯಾಡ್ಜು, ಮುಖದಲ್ಲಿ ಮೂರು ಗಂಟೆಯಿಂದ ಹಾಗೇ ಹಿಡಿದಿಟ್ಟುಕೊಂಡ ನಗು.

"ಒಂದೇ ಮಾತಾ?" ಎಂದಳು ಅಶ್ಮಿತಾ.

"ಹೌದು. ಸೂಪರ್ ಅಂತ ಹೇಳಿದ್ರೂ ಸಾಕು."

"ಹಾಗಾದ್ರೆ ಕಷ್ಟ. ನನಗೆ ನಿದ್ದೆ ಬಂತು."

ಹುಡುಗನ ನಗು ಅಲ್ಲೇ ನಿಂತಿತು!

ಓದುಗರೇ, ಗಲ್ಫಿನಲ್ಲಿ ಊರಿನ ಸಿನಿಮಾ ಹೇಗೆ ಬರುತ್ತದೆಂದು ನಿಮಗೆ ಗೊತ್ತಿಲ್ಲದಿದ್ದರೆ ಹೇಳಿಬಿಡುತ್ತೇನೆ. ಅದು ದಿನಕ್ಕೆ ನಾಲ್ಕು ಆಟ ಓಡಲು ಬರುವುದಿಲ್ಲ. ಸಂಘದವರು ಶುಕ್ರವಾರದ ಒಂದು ಆಟವನ್ನು ಹಿಡಿದು, ಮನೆಮನೆಗೆ ಟಿಕೆಟ್ ಮುಟ್ಟಿಸಿ, ಚಿಕ್ಕ ಮಕ್ಕಳಿಂದ ಹಿಡಿದು ಊರಿನಿಂದ ಬಂದ ಅತ್ತೆಯವರೆಗೆ ಎಲ್ಲರನ್ನೂ ಕೂರಿಸುತ್ತಾರೆ. ಮುಗಿದ ಮೇಲೆ ಹೊರಗೆ ಮೈಕ್ ಹಿಡಿಯುತ್ತಾರೆ. ಆ ಮೈಕಿಗೆ ಹೇಳಬೇಕಾದ ಮಾತು ಒಂದೇ: "ಸೂಪರ್! ಎಲ್ಲರೂ ನೋಡಿ, ನಮ್ಮ ಊರಿನ ಸಿನಿಮಾ ಗೆಲ್ಲಿಸಿ!" ಆಮೇಲೆ ಕಾರಿನಲ್ಲಿ ಕುಳಿತು ಬಾಗಿಲು ಹಾಕಿಕೊಂಡು ಬೇಕಾದ್ದು ಬೈಯಬಹುದು. ಇದು ಎಲ್ಲರಿಗೂ ಗೊತ್ತಿರುವ ಪದ್ಧತಿ.

ಅಶ್ಮಿತಾಳಿಗೂ ಗೊತ್ತಿತ್ತು. ಆದರೆ ಬಾಯಿ ಕೇಳಬೇಕಲ್ಲ!

"ಪುತಾ, ಸೂಪರ್ ಅಂತ ಹೇಳಿ ಬಾ," ಎಂದು ಹಿಂದಿನಿಂದ ಮೊಲ್ಲಿ ಆಂಟಿ ಅವಳ ದುಪಟ್ಟಾ ಎಳೆದರು. ಫರ್ವಾನಿಯಾದ ಮೊಲ್ಲಿ ಆಂಟಿ ಮತ್ತು ಹರ್ಬರ್ಟ್ ಅಂಕಲ್ ಅವರ ಫ್ಲ್ಯಾಟಿನಲ್ಲೇ ಒಂದು ಕೋಣೆ ಹಿಡಿದು ಅವಳು ನಾಲ್ಕು ವರ್ಷದಿಂದ ಇದ್ದಳು. ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ಫಹಾಹೀಲಿನ ಈ ಥಿಯೇಟರಿಗೆ ಕರೆತಂದವರೂ ಅವರೇ.

"ಯಾಕೆ ನಿದ್ದೆ ಬಂತು?" ಎಂದು ಕೇಳಿದ ಹುಡುಗ. ಈಗ ಅವನ ದನಿಯಲ್ಲಿ ಸ್ವಯಂಸೇವಕ ಇರಲಿಲ್ಲ.

"ಹೇಳ್ಲಾ?"

"ಹೇಳಿ."

"ನಾಯಕ ನಲವತ್ತು ಜನರ ಹತ್ರ ಕತ್ತಿ ಬೀಸ್ತಾನೆ, ಒಂದು ಕೂದಲು ಅಲ್ಲಾಡುದಿಲ್ಲ. ಮೂರು ಸಲ ಹಡಗಿನ ಕೂವೆಮರದ ತುದಿಯಿಂದ ಹಾರ್ತಾನೆ, ಮೂರು ಸಲವೂ ಕಾಲ ಮೇಲೇ ನಿಲ್ತಾನೆ. ಅವನಿಗೆ ಎಂತ ಆಗ್ತದೆ ಅಂತ ನಾವು ಯಾಕೆ ಹೆದರ್ಬೇಕು? ಅವನಿಗೇ ಹೆದರಿಕೆ ಇಲ್ಲ! ವಿಲನ್‌ಗೆ ಎಂತ ಬೇಕು ಅಂತಲೇ ಗೊತ್ತಾಗುದಿಲ್ಲ, ಸುಮ್ಮನೆ ನಗ್ತಾನೆ. ಮತ್ತೆ ಆ ಹಡಗು... ಹಾಯಿ ಈ ಕಡೆ ಉಬ್ಬಿದೆ, ಬಾವುಟ ಆ ಕಡೆ ಹಾರ್ತದೆ. ಒಂದೇ ಹಡಗಿಗೆ ಎರಡು ಗಾಳಿ ಬೀಸ್ತದಾ ಮಾರಾಯ್ರೆ?"

ಸುತ್ತ ನಿಂತಿದ್ದವರು ಯಾರೋ ಕಿಸಕ್ಕನೆ ನಕ್ಕರು. ಸಂಘದ ಹಿರಿಯರೊಬ್ಬರು ಕೆಮ್ಮಿದರು. "ಸೈಬಾ ಭೊಗೊಸ್, ದೇವರೇ ಕ್ಷಮಿಸು!" ಎಂದು ಮೊಲ್ಲಿ ಆಂಟಿ ಹಣೆ ಮುಟ್ಟಿಕೊಂಡು ಶಿಲುಬೆಯ ಗುರುತು ಹಾಕಿಕೊಂಡರು.

ಅಶ್ಮಿತಾ ನಾಲ್ಕು ಹೆಜ್ಜೆ ನಡೆದವಳು ತಿರುಗಿ ಬಂದಳು.

"ಒಂದು ಒಳ್ಳೇದು ಹೇಳ್ಬೇಕು. ಆ ಮುದುಕ ಅಂಬಿಗ ಬರ್ತಾನಲ್ಲ, ಕಣ್ಣು ಹೋದದ್ದನ್ನು ಯಾರಿಗೂ ಹೇಳದೆ ಕೈಯನ್ನು ನೀರಲ್ಲಿ ಅದ್ದಿ ದಾರಿ ಹುಡುಕುದು? ಎರಡೇ ನಿಮಿಷ. ಅದನ್ನು ನೋಡಿ ನನಗೆ ಕಣ್ಣೀರು ಬಂತು. ಆ ಎರಡು ನಿಮಿಷ ಬರೆದವನಿಗೆ ಬರೀಲಿಕ್ಕೆ ಬರ್ತದೆ. ಉಳಿದ ಎರಡೂವರೆ ಗಂಟೆ ಯಾಕೆ ಹೀಗೆ ಬರೆದ? ಅವನನ್ನು ಕಂಡ್ರೆ ಕೇಳಿ."

ಮೈಕ್ ಹಿಡಿದ ಹುಡುಗನ ಕೈ ಕೆಳಗೆ ಇಳಿಯಿತು.

'ಪಾಪ, ಇವನಿಗೇನು ಗೊತ್ತು? ಟಿಕೆಟ್ ಹರಿಯುವವನ ಹತ್ತಿರ ನಾನ್ಯಾಕೆ ಜಗಳಕ್ಕೆ ನಿಂತೆ?' ಎಂದುಕೊಳ್ಳುತ್ತಾ ಅವಳು ಕಾರು ಹತ್ತಿದಳು.

ಥಿಯೇಟರಿನ ಬಾಗಿಲ ಪಕ್ಕದ ಪೋಸ್ಟರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿತ್ತು: ಏಳು ಹಾಯಿ ಸರದಾರ. ಕಥೆ, ಸಂಭಾಷಣೆ: ಪಡುಗಾಳಿ.

ಆ ಪಡುಗಾಳಿ ಮೈಕ್ ಹಿಡಿದುಕೊಂಡು ಅವಳ ಕಾರು ಹೋದ ದಿಕ್ಕನ್ನೇ ನೋಡುತ್ತಾ ನಿಂತಿದ್ದ!

*

ಮರುದಿನ ಸಂಘದ ವಾಟ್ಸಾಪ್ ಗುಂಪಿಗೆ ವಿಡಿಯೋ ಬಂತು. ಹತ್ತೊಂಬತ್ತು ಜನ ಸಾಲಾಗಿ "ಸೂಪರ್" ಎಂದಿದ್ದರು. ಅಶ್ಮಿತಾ ಇರಲಿಲ್ಲ.

"ಬಚಾವ್ ಆದಿ," ಎಂದರು ಹರ್ಬರ್ಟ್ ಅಂಕಲ್.

ಸಂಜೆ ಅವಳ ಮೊಬೈಲಿಗೆ ಗುರುತಿಲ್ಲದ ನಂಬರಿನಿಂದ ಒಂದು ಸಂದೇಶ ಬಂತು.

'ನಾನು ಲತೀಶ್, ನಿನ್ನೆ ಮೈಕ್ ಹಿಡಿದವನು. ನಿಮ್ಮ ನಂಬರ್ ಗುಂಪಿನಿಂದ ತೆಗೆದುಕೊಂಡೆ, ಕ್ಷಮಿಸಿ. ನಿಮ್ಮ ಭಾಗವನ್ನು ಹಾಕಲಿಲ್ಲ, ಹಾಕಿದರೆ ನಿಮಗೆ ತೊಂದರೆ. ಆದರೆ ನಾನು ಹನ್ನೊಂದು ಸಲ ನೋಡಿದೆ. ನಿಮ್ಮ ಮಾತು ಪೂರ್ತಿ ಆಗಲಿಲ್ಲ ಅಂತ ಅನಿಸಿತು. ಉಳಿದದ್ದು ಕೇಳಬಹುದಾ?'

ಹನ್ನೊಂದು ಸಲವಾ! ಅಶ್ಮಿತಾ ಆ ಸಾಲನ್ನು ಮೂರು ಸಲ ಓದಿದಳು. ಅವಳ ಮಾತನ್ನು ಎರಡನೇ ಸಲ ಕೇಳಬೇಕೆಂದವರು ಈವರೆಗೆ ಯಾರೂ ಇರಲಿಲ್ಲ. "ನಿನ್ನ ನಾಲಿಗೆಗೆ ಮೂಳೆ ಇಲ್ಲ" ಎಂದು ಅಮ್ಮ, "ಮೇಡಂ ಬಂದ್ರು, ಖಲಾಸ್" ಎಂದು ಶುವೈಖ್ ಬಂದರಿನ ಕ್ಲಿಯರಿಂಗ್ ಆಫೀಸಿನಲ್ಲಿ ಜೊತೆಯವರು, ಎಲ್ಲರೂ ಅವಳ ಮಾತಿನಿಂದ ತಪ್ಪಿಸಿಕೊಳ್ಳುವವರೇ.

'ಮುಂದಿನ ಶುಕ್ರವಾರ ಫಹಾಹೀಲಿಗೆ ಬರುವುದುಂಟು,' ಎಂದು ಬರೆದಳು. ಸುಳ್ಳು. ಬರುವ ಕೆಲಸ ಏನೂ ಇರಲಿಲ್ಲ.

ಫಹಾಹೀಲಿನ ಮಾರ್ಕೆಟಿನ ಹಿಂದೆ ಬಾವಾಕುಂಞಿ ಅವರ ಹೋಟೆಲಿತ್ತು. ಶುಕ್ರವಾರ ಬೆಳಿಗ್ಗೆ ಅಲ್ಲಿ ನೀರುದೋಸೆ ಮತ್ತು ಮೀನು ಗಸಿ ಸಿಗುತ್ತಿತ್ತು. ಲತೀಶ್ ಮೊದಲೇ ಬಂದು ಕುಳಿತಿದ್ದ. ಅವಳನ್ನು ಕಂಡೊಡನೆ ಎದ್ದು ನಿಂತ, ಕುರ್ಚಿ ಹಿಂದಕ್ಕೆ ಬಿತ್ತು.

"ನಿಧಾನ ಮಾರಾಯ್ರೆ, ಕುರ್ಚಿ ಹೊಸತು!" ಎಂದು ಕೌಂಟರಿನಿಂದ ಬಾವಾಕುಂಞಿ ಕೂಗಿದರು.

ಅಶ್ಮಿತಾಳಿಗೆ ನಗು ತಡೆಯಲಾಗಲಿಲ್ಲ.

"ನಿಮಗೆ ಹಡಗಿನ ವಿಷಯ ಇಷ್ಟು ಹೇಗೆ ಗೊತ್ತು?" ಎಂದು ಕೇಳಿದ ಅವನು.

"ನನ್ನ ಅಪ್ಪ ಮಲ್ಪೆಯಲ್ಲಿ ತಾಂಡೇಲ. ಮೂವತ್ತೆರಡು ವರ್ಷ ಬೋಟು ನಡೆಸಿದವರು. ನಿಮಗೆ?"

"ನಾನು ಶುವೈಖ್‌ನಲ್ಲಿ ಗಾಡಿಗಳ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿದ್ದೇನೆ. ಊರು ಕಾಪು ಹತ್ರ. ಅಜ್ಜ ಹೊಳೆ ದಾಟಿಸುವ ದೋಣಿ ಇಟ್ಟಿದ್ರು. ನಾನು ಮಾತ್ರ... ನೀರು ಕಂಡ್ರೆ ದೂರ."

"ಕಾಪುವಿನವರಾಗಿ?"

"ಕಾಪುವಿನವನಾಗಿ!"

ಇಬ್ಬರೂ ನಕ್ಕರು. ದೋಸೆ ತಣ್ಣಗಾಯಿತು.

ಒಂದು ಶುಕ್ರವಾರ ಎರಡಾಯಿತು, ಎರಡು ನಾಲ್ಕಾಯಿತು. ಶುರುವಾಗುವುದು ಯಾವಾಗಲೂ ಆ ಸಿನಿಮಾದಿಂದಲೇ. ನಾಯಕಿ ಬಿರುಗಾಳಿಯಲ್ಲೂ ಇಸ್ತ್ರಿ ಮಾಡಿದ ಸೀರೆಯಲ್ಲಿ ನಿಂತಿದ್ದಳು ಎಂದು ಅಶ್ಮಿತಾ ಹೇಳುತ್ತಿದ್ದಳು. ಒಂದೇ ಹಾಡಿನಲ್ಲಿ ಆ ನಾಯಕಿಗೆ ಪ್ರೀತಿ ಬಂತು, ಯಾಕೆ ಬಂತೆಂದು ಹಾಡು ಬರೆದವನಿಗೂ ಗೊತ್ತಿರಲಿಕ್ಕಿಲ್ಲ. ಹಡಗಿನ ಅಡುಗೆಭಟ್ಟ ಪ್ರತಿ ಯುದ್ಧದಲ್ಲೂ ಬಾಳೆಹಣ್ಣು ತಿನ್ನುತ್ತಲೇ ಇದ್ದ. ಜನ ಸಾಯುವಾಗ ನಗಬೇಕೋ ಅಳಬೇಕೋ!

"ಕತ್ತಿಯುದ್ಧ ಚೆಂದ ಇರ್ಲಿಲ್ವಾ?" ಎಂದ ಲತೀಶ್ ಒಮ್ಮೆ, ಸಣ್ಣ ದನಿಯಲ್ಲಿ.

"ಚೆಂದ ಇತ್ತು. ಆದ್ರೆ ಹನ್ನೆರಡು ಸಲ ಇತ್ತು. ಮೊದಲನೇ ಸಲ ಅವನು ಗೆದ್ದ. ಎರಡನೇ ಸಲ ಗೆಲ್ತಾನೆ ಅಂತ ಗೊತ್ತಾಯ್ತು. ಮೂರನೇ ಸಲಕ್ಕೆ ನಾನು ಸೀಟಿನ ಕೆಳಗೆ ಚಪ್ಪಲಿ ಹುಡುಕ್ತಿದ್ದೆ."

ಅವನು ತಲೆ ತಗ್ಗಿಸಿ ನಕ್ಕ. ಕಿವಿ ಕೆಂಪಾಗಿತ್ತು. 'ಎಷ್ಟು ಸಾಧು ಮನುಷ್ಯ,' ಎಂದುಕೊಂಡಳು ಅಶ್ಮಿತಾ. ಆ ಕೆಂಪು ಕಿವಿಯ ಕಾರಣ ಅವಳಿಗೆ ಗೊತ್ತಿಲ್ಲ, ನಮಗೆ ಗೊತ್ತು.

ಅವನಿಗೆ ಹೇಳಬೇಕೆಂದು ಇರಲಿಲ್ಲವೇ? ಇತ್ತು! ಪ್ರತಿ ಗುರುವಾರ ಕನ್ನಡಿಯ ಮುಂದೆ ನಿಂತು 'ನಾನೇ ಬರೆದದ್ದು' ಎಂದು ಅಭ್ಯಾಸ ಮಾಡುತ್ತಿದ್ದ. ಶುಕ್ರವಾರ ಅವಳ ಮುಖ ಕಂಡೊಡನೆ ಮಾತು ಒಳಗೇ ಉಳಿಯುತ್ತಿತ್ತು. ಹೇಳಿದರೆ ಅವಳು ಸತ್ಯ ಹೇಳುವುದನ್ನು ನಿಲ್ಲಿಸಿಬಿಡುತ್ತಾಳೆ, ಎಲ್ಲರ ಹಾಗೆ "ಸೂಪರ್" ಎನ್ನುತ್ತಾಳೆ ಎಂಬ ಹೆದರಿಕೆ. ಅದಕ್ಕಿಂತ ದೊಡ್ಡದು, ಅವಳು ಬರುವುದನ್ನೇ ನಿಲ್ಲಿಸಿದರೆ ಎಂಬ ಹೆದರಿಕೆ.

ಐದನೇ ಶುಕ್ರವಾರ ಅವರು ಹೋಟೆಲಿನಿಂದ ಎದ್ದು ಕಡಲ ಬದಿಗೆ ನಡೆದುಕೊಂಡು ಹೋದರು. ನವೆಂಬರಿನ ಗಾಳಿ ಹಿತವಾಗಿತ್ತು. ಮಕ್ಕಳು ಸೈಕಲ್ ಓಡಿಸುತ್ತಿದ್ದರು.

"ನಿಮ್ಮ ಪ್ರಕಾರ ನಾಯಕ ಹೆದರ್ಬೇಕಾ?" ಎಂದು ಕೇಳಿದ ಲತೀಶ್.

ಅಶ್ಮಿತಾ ಕಡಲ ಕಡೆ ತಿರುಗಿದಳು. ಆಮೇಲೆ ಮೆಲ್ಲಗೆ ಹೇಳಿದಳು.

"ಒಂದು ಮಾತು ಹೇಳ್ತೇನೆ. ನನಗೆ ಎಂಟು ವರ್ಷ. ಹೊಸ ಬೋಟು ನೀರಿಗೆ ಇಳಿಸಿದ ದಿನ ಮನೆಯವರನ್ನೆಲ್ಲ ಹತ್ತಿಸಿದ್ರು. ನಾನು ಅಪ್ಪನ ಪಕ್ಕದಲ್ಲೇ ನಿಂತಿದ್ದೆ. ಅಳಿವೆ ಗೊತ್ತುಂಟಲ್ಲ, ಹೊಳೆ ಕಡಲಿಗೆ ಸೇರುವ ಜಾಗ? ಅಲ್ಲಿ ಅಲೆ ಹೇಗೆ ಏಳ್ತದೆ ಅಂತ ಹೇಳ್ಲಿಕ್ಕಾಗುದಿಲ್ಲ. ಅಲ್ಲಿಗೆ ಬರುವಾಗ ಅಪ್ಪನ ಕೈ ನಡುಗ್ತಿತ್ತು. ಎರಡೂ ಕೈ. ನಾನು ನೋಡಿದ್ದು ಅವರಿಗೆ ಗೊತ್ತಾಯ್ತು. 'ಯಾರಿಗೂ ಹೇಳ್ಬೇಡ ಮಗಾ' ಅಂದ್ರು. ನಡುಗುವ ಕೈಯಲ್ಲೇ ದಾಟಿಸಿದ್ರು."

ಅವಳ ಕಣ್ಣು ತುಂಬಿತ್ತು.

"ಅಮ್ಮನಿಗೂ ಹೇಳಿಲ್ಲ. ನಿಮಗೇ ಮೊದಲು."

ಇಬ್ಬರ ಕೈಯ ನಡುವೆ ಒಂದು ಗೇಣು ದೂರವಿತ್ತು. ಅದು ಹಾಗೇ ಉಳಿಯಿತು. ಆದರೆ ಫರ್ವಾನಿಯಾದ ಬಸ್ಸಿನಲ್ಲಿ ಕುಳಿತು ಹಿಂದಿರುಗುವಾಗ ಅಶ್ಮಿತಾಳಿಗೆ ಖಚಿತವಾಗಿತ್ತು. 'ಹೌದು... ನನಗೆ ಇವನು ಬೇಕು.'

*

ಆರನೇ ಶುಕ್ರವಾರ ಅವಳು ಆಕಾಶನೀಲಿ ಚೂಡಿದಾರ ಹಾಕಿಕೊಂಡಳು. ಮೊಲ್ಲಿ ಆಂಟಿ ಬಾಗಿಲಲ್ಲಿ ನಿಂತು ನೋಡಿದರು.

"ಏಳು ಹಾಯಿಯನ್ನು ಬೈಲಿಕ್ಕೆ ಇಷ್ಟು ಚೆಂದ ಮಾಡ್ಕೊಂಡು ಹೋಗ್ಬೇಕಾ ಪುತಾ?"

"ಹೋಗಿ ಆಂಟಿ!"

ಹೋಟೆಲಿನ ಬಾಗಿಲು ದೂಡಿದಾಗ ಲತೀಶನ ಮೇಜಿನಲ್ಲಿ ಇನ್ನೊಬ್ಬನಿದ್ದ. ಕಪ್ಪು ಕನ್ನಡಕ ತಲೆಯ ಮೇಲೆ, ಕೈಗೆ ದಪ್ಪ ಬಳೆ.

"ಓ! ನೀವೇ ಅಶ್ಮಿತಾ ಮೇಡಮ್ಮಾ?" ಎಂದು ಅವನು ಎದ್ದೇಬಿಟ್ಟ. "ನಾನು ಅಕ್ಷಯ್, ಸಿನಿಮಾದ ಡೈರೆಕ್ಟರ್. ನಿನ್ನೆ ಊರಿಂದ ಬಂದೆ, ಎರಡನೇ ಭಾಗಕ್ಕೆ ಪ್ರೊಡ್ಯೂಸರ್ ಹುಡುಕ್ಲಿಕ್ಕೆ. ನಮ್ಮ ರೈಟರ್‌ಗೆ ಯಾವಾಗ್ಲೂ ನಿಮ್ಮದೇ ಮಾತು, ದಿನಾ ವಾಯ್ಸ್ ನೋಟು!"

"ರೈಟರ್...?"

"ಇವನೇ! ಪಡುಗಾಳಿ! ಹೇಳಿಲ್ವಾ? ಮತ್ತೆ ಮೇಡಂ, ನಿಮ್ಮ ತಂದೆಯವರ ಕೈ ನಡುಗುವ ಸೀನ್ ಸೂಪರ್! ಎರಡನೇ ಭಾಗದ ಓಪನಿಂಗೇ ಅದು!"

ಬಾವಾಕುಂಞಿ ಅವರ ಹೋಟೆಲಿನಲ್ಲಿ ಆ ಹೊತ್ತು ಮೂವತ್ತು ಜನ ದೋಸೆ ತಿನ್ನುತ್ತಿದ್ದರು. ಅಶ್ಮಿತಾಳಿಗೆ ಒಬ್ಬರ ಸದ್ದೂ ಕೇಳಲಿಲ್ಲ.

"ಅಶ್ಮಿತಾ, ಒಂದು ನಿಮಿಷ... ನಾನು ಹೇಳ್ಬೇಕು ಅಂತಲೇ..." ಲತೀಶನ ಮುಖ ಬಿಳಚಿಕೊಂಡಿತ್ತು.

"ನನ್ನ ಅಪ್ಪನದ್ದು ಇವರಿಗೆ ಹೇಳಿದ್ದು ಹೌದಾ, ಅಲ್ವಾ?"

"...ಹೌದು."

"ಸಾಕು."

ಅವಳು ಅಳಲಿಲ್ಲ. ಅಳು ಬಂದದ್ದು ಬಸ್ಸಿನಲ್ಲಿ. ಪಕ್ಕದ ಸೀಟಿನ ಫಿಲಿಪಿನೋ ಹೆಂಗಸು ಟಿಶ್ಯೂ ಕೊಟ್ಟಳು, ಪಾಪ.

'ಅವನಿಗೆ ನನ್ನ ಮಾತು ಬೇಕಿತ್ತು, ನಾನಲ್ಲ! ಐದು ವಾರ ದೋಸೆ ತಿನ್ನಿಸಿ ಮುಂದಿನ ಸಿನಿಮಾಕ್ಕೆ ಸಾಮಾನು ಒಟ್ಟು ಮಾಡಿದ. ನಾನು ಅದನ್ನು ಪ್ರೀತಿ ಅಂದುಕೊಂಡೆ... ಥೂ, ಎಂಥ ದಡ್ಡಿ ನಾನು!'

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಅಶ್ಮಿತಾಳ ಜೀವಮಾನದಲ್ಲಿ ಅವಳು ಆಡಿ ಪಶ್ಚಾತ್ತಾಪಪಟ್ಟ ಮಾತು ಅದೊಂದೇ. ಅಪ್ಪ ಬಚ್ಚಿಟ್ಟುಕೊಂಡಿದ್ದ ನಡುಕವನ್ನು ಅವಳು ತಾನಾಗಿ ಕೈಯೆತ್ತಿ ಕೊಟ್ಟಿದ್ದಳು. ಇನ್ನು ಮಲ್ಪೆಯ ಥಿಯೇಟರಿನಲ್ಲಿ ಅಪ್ಪನ ಜೊತೆಯ ತಾಂಡೇಲರೆಲ್ಲ ಕುಳಿತು ಅದನ್ನು ನೋಡುತ್ತಾರೆ!

ಅವಳು ಲತೀಶನ ನಂಬರನ್ನು ಬ್ಲಾಕ್ ಮಾಡಿದಳು.

*

ಎರಡು ವಾರ ಕಳೆಯಿತು. ಶುಕ್ರವಾರ ಬಂದರೆ ಬಟ್ಟೆ ಒಗೆದಳು, ಕಿಟಕಿ ಒರೆಸಿದಳು, ಒರೆಸಿದ ಕಿಟಕಿಯನ್ನೇ ಮತ್ತೆ ಒರೆಸಿದಳು.

"ಪುತಾ, ಆ ಗಾಜು ಇನ್ನು ತೆಳು ಆಗ್ತದೆ," ಎಂದರು ಮೊಲ್ಲಿ ಆಂಟಿ. ಆಮೇಲೆ ತಮ್ಮ ಮೊಬೈಲನ್ನು ಅವಳ ಮುಂದೆ ಹಿಡಿದರು. "ನೀನು ಗುಂಪು ನೋಡುದಿಲ್ಲ ಅಂತ ಗೊತ್ತು. ಇದೊಂದು ಓದು."

ಸಂಘದ ಗುಂಪಿನಲ್ಲಿ ಮುನ್ನೂರು ಜನರ ಕಣ್ಣೆದುರು ಲತೀಶ್ ಬರೆದಿದ್ದ:

'ಎಲ್ಲರಿಗೂ ನಮಸ್ಕಾರ. ಏಳು ಹಾಯಿ ಸರದಾರ ಬರೆದ ಪಡುಗಾಳಿ ನಾನೇ. ಜನ ನಕ್ಕಾರು ಎಂದು ಹೆಸರು ಮುಚ್ಚಿಟ್ಟಿದ್ದೆ. ಅವತ್ತು ಮೈಕ್ ಹಿಡಿದು ನಿಮ್ಮೆಲ್ಲರ ಬಾಯಿಂದ ಸೂಪರ್ ಹೇಳಿಸಿದವನೂ ನಾನೇ. ಒಬ್ಬರು ಮಾತ್ರ ಸತ್ಯ ಹೇಳಿದರು, ಅವರ ಮಾತನ್ನು ನಾನು ವಿಡಿಯೋದಿಂದ ತೆಗೆದುಹಾಕಿದೆ. ಸಿನಿಮಾ ಸೋತದ್ದು ಬಜೆಟ್ಟಿನಿಂದ ಅಲ್ಲ, ಪ್ರಚಾರ ಇಲ್ಲದ್ದರಿಂದಲೂ ಅಲ್ಲ. ನಾನು ಹೆದರುಪುಕ್ಕಲ. ನನ್ನಲ್ಲಿ ಇಲ್ಲದ್ದನ್ನೆಲ್ಲ ನಾಯಕನಿಗೆ ಕೊಟ್ಟೆ, ಅವನು ಮನುಷ್ಯನೇ ಆಗಲಿಲ್ಲ. ಎರಡನೇ ಭಾಗವನ್ನು ನಾನು ಬರೆಯುತ್ತಿಲ್ಲ. ನನ್ನದಲ್ಲದ ಒಂದು ಮಾತನ್ನು ಅದರಲ್ಲಿ ಹಾಕಲು ಕೊಟ್ಟಿದ್ದೆ, ವಾಪಸ್ ತೆಗೆದುಕೊಂಡಿದ್ದೇನೆ.'

ಅದರ ಕೆಳಗೆ ನಗುವ ಮುಖಗಳ ಸಾಲು. 'ಪಡುಗಾಳಿ ಅಲ್ಲ, ಬರೀ ಗಾಳಿ' ಎಂದು ಯಾರೋ ಬರೆದಿದ್ದರು. ಟಿಕೆಟಿನ ದುಡ್ಡು ವಾಪಸ್ ಕೊಡು ಎಂದು ಇನ್ನೊಬ್ಬರು.

ಅಶ್ಮಿತಾಳಿಗೆ ನಗು ಬರಲಿಲ್ಲ.

"ಅಕ್ಷಯ್ ಸಿಟ್ಟು ಮಾಡ್ಕೊಂಡು ಬೇರೆ ರೈಟರ್ ಹಿಡಿದಿದ್ದಾನಂತೆ," ಎಂದರು ಹರ್ಬರ್ಟ್ ಅಂಕಲ್. "ಮೂರು ವರ್ಷ ಕೂತು ಬರೆದಿದ್ದ ಹುಡುಗ. ಹೋಯ್ತು ಎಲ್ಲ."

"ಅದಕ್ಕೆ ನಾನೆಂತ ಮಾಡುದು?" ಎಂದು ಅವಳು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮಾತು ಗಟ್ಟಿಯಾಗಿತ್ತು, ಎದೆ ಗಟ್ಟಿಯಾಗಿರಲಿಲ್ಲ.

ಗುರುವಾರ ಬೆಳಿಗ್ಗೆ ಆಫೀಸಿನಲ್ಲಿದ್ದಾಗ ಊರಿನಿಂದ ಅಪ್ಪನ ಫೋನು ಬಂತು. ಕೆಲಸದ ಹೊತ್ತಿನಲ್ಲಿ ಅಪ್ಪ ಸುಕುಮಾರ ಎಂದೂ ಫೋನು ಮಾಡಿದವರಲ್ಲ.

"ಎಂತ ಅಪ್ಪ? ಅಮ್ಮ ಹುಷಾರಿದ್ದಾರಾ?"

"ಎಲ್ಲ ಹುಷಾರು. ನಿನ್ನೆ ಒಬ್ಬ ಹುಡುಗ ಫೋನ್ ಮಾಡಿದ್ದ, ಲತೀಶ್ ಅಂತ. ನಿಮ್ಮ ಮೊಲ್ಲಿಬಾಯಿ ನಂಬರ್ ಕೊಟ್ರಂತೆ."

ಅಶ್ಮಿತಾ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತಳು.

"'ನಿಮ್ಮ ಕೈ ನಡುಗಿದ ವಿಷಯ ನಾನು ಸಿನಿಮಾದವರಿಗೆ ಹೇಳಿಬಿಟ್ಟೆ, ತಪ್ಪಾಯ್ತು, ತಪ್ಪು ನನ್ನದು, ನಿಮ್ಮ ಮಗಳದ್ದಲ್ಲ' ಅಂದ. ಮಗಾ, ಆ ವಿಷಯ ನೀನು ಇಷ್ಟು ವರ್ಷ ಗುಟ್ಟು ಅಂತ ಇಟ್ಕೊಂಡಿದ್ದಾ?"

"ನೀವೇ ಅಲ್ವಾ ಯಾರಿಗೂ ಹೇಳ್ಬೇಡ ಅಂದದ್ದು!"

"ಆ ದಿನಕ್ಕೆ ಹೇಳಿದ್ದು ಮಾರಾಯ್ತಿ! ಬೋಟಿನ ತುಂಬ ಹೆಂಗಸರು ಮಕ್ಕಳು ಇದ್ರು. ತಾಂಡೇಲನ ಕೈ ನಡುಗ್ತದೆ ಅಂತ ಗೊತ್ತಾದ್ರೆ ಯಾರು ಕೂತ್ಕೊಳ್ತಾರೆ?"

ಹಿಂದಿನಿಂದ ಅಮ್ಮ ಕುಸುಮಾವತಿಯ ದನಿ ಕೇಳಿತು. "ನನಗೆ ಮದುವೆಯಾದ ವರ್ಷವೇ ಗೊತ್ತುಂಟು ಅಂತ ಹೇಳಿ! ಮಲ್ಪೆಗೆಲ್ಲ ಗೊತ್ತುಂಟು!"

ಅಶ್ಮಿತಾ ನಕ್ಕಳೋ ಅತ್ತಳೋ ಅವಳಿಗೇ ತಿಳಿಯಲಿಲ್ಲ. ಪಕ್ಕದ ಮೇಜಿನ ಆಲ್ರೊಯ್ ಕತ್ತೆತ್ತಿ ನೋಡಿದ.

"ಹೆದರದೆ ಅಳಿವೆ ದಾಟಿದವರು ಎರಡು ಜನ ಇದ್ರು," ಎಂದರು ಅಪ್ಪ. "ಇಬ್ಬರ ಬೋಟೂ ಬಂಡೆಗೆ ಬಡಿದದ್ದು. ಹೆದರುದು ನಾಚಿಕೆ ಅಲ್ಲ ಮಗಾ. ಆ ಹುಡುಗ ಮಾತಾಡುವಾಗ ಅವನ ದನಿ ನಡುಗ್ತಿತ್ತು. ನಾನು ಜೋರಾಗಿ ಎರಡು ಬೈದೆ, ಸುಮ್ಮನೆ. ಆದ್ರೂ ಫೋನ್ ಇಡ್ಲಿಲ್ಲ. ಅವನು ನನಗೆ ಹಿಡಿಸಿದ."

"ಅಪ್ಪ..."

"ಮತ್ತೊಂದು ಮಾತು ಕೇಳಿದ. ಅದನ್ನು ಅವನೇ ಹೇಳ್ಲಿ. ಇಡ್ತೇನೆ."

*

ಮಧ್ಯಾಹ್ನದ ಊಟದ ಬಿಡುವಿನಲ್ಲಿ ಅಶ್ಮಿತಾ ಊಟ ಮಾಡಲಿಲ್ಲ. ಬಂದರಿನ ಗೇಟಿನಿಂದ ಟ್ಯಾಕ್ಸಿ ಹಿಡಿದು ಶುವೈಖ್‌ನ ಗ್ಯಾರೇಜುಗಳ ಸಾಲಿಗೆ ಬಂದಳು. ಟಯರು, ಸೈಲೆನ್ಸರು, ಬಣ್ಣದ ವಾಸನೆ. ಸೀರೆ ಚೂಡಿದಾರದವರು ಅಲ್ಲಿ ಕಾಲಿಡುವುದು ಕಡಿಮೆ. ಕೇಳಿ ಕೇಳಿ ನಾಲ್ಕನೇ ಅಂಗಡಿಯಲ್ಲಿ ಅವನು ಸಿಕ್ಕಿದ.

ಲತೀಶ್ ಕೌಂಟರಿನ ಹಿಂದೆ ಯಾರಿಗೋ ಬ್ರೇಕ್ ಪ್ಯಾಡ್ ತೋರಿಸುತ್ತಿದ್ದ. ತಲೆ ಎತ್ತಿ ನೋಡಿದವನ ಕೈಯಿಂದ ಡಬ್ಬ ಜಾರಿತು.

"ಅ... ಅಶ್ಮಿತಾ?"

"ಊಟಕ್ಕೆ ಬಿಡುವುಂಟಾ?"

"ಉಂಟು!" ಎಂದು ಉತ್ತರಿಸಿದವನು ಲತೀಶನಲ್ಲ, ಜೊತೆಗಾರ ಸಾಬಿತ್. "ಹೋಗು ಭಾಯಿ, ಯಲ್ಲಾ! ಎರಡು ವಾರದಿಂದ ಟೊಯೋಟಾ ಕೇಳಿದವರಿಗೆ ನಿಸ್ಸಾನ್ ಕೊಡ್ತಿದ್ದೀಯಾ!"

ಅಂಗಡಿಯ ಹಿಂದೆ ಗೋಡೆಯ ನೆರಳಿತ್ತು. ಇಬ್ಬರೂ ಅಲ್ಲಿ ನಿಂತರು. ಅವನು ಸೊರಗಿದ್ದ. ಅಂಗಿಯ ತುಂಬ ಗ್ರೀಸು.

"ನನಗೆ ಇನ್ನೂ ಸಿಟ್ಟುಂಟು," ಎಂದಳು ಅಶ್ಮಿತಾ ಮೊದಲೇ.

"ಇರ್ಬೇಕು."

"ಅಪ್ಪ ಕ್ಷಮಿಸಿದ್ರು ಅಂತ ನಾನು ಕ್ಷಮಿಸ್ಬೇಕು ಅಂತಿಲ್ಲ."

"ಇಲ್ಲ."

"ಎಲ್ಲದಕ್ಕೂ ಒಪ್ಬೇಡಿ ಮಾರಾಯ್ರೆ! ಜಗಳಕ್ಕೆ ಒಂದಾದ್ರೂ ಮಾತು ಬೇಡ್ವಾ?"

ಅವನ ತುಟಿಯಲ್ಲಿ ನಗು ಬಂದು ಹೋಯಿತು.

"ಯಾಕೆ ಹೇಳಿದ್ರಿ ಅಕ್ಷಯ್‌ಗೆ?" ಈಗ ಅವಳ ದನಿ ಒಡೆದಿತ್ತು. "ನಿಮಗೆ ಮಾತ್ರ ಅಂತ ಹೇಳಿದ್ದೆ."

ಲತೀಶ್ ನೆಲ ನೋಡುತ್ತಲೇ ಹೇಳಿದ.

"ಆ ದಿನ ಬಸ್ ಹತ್ತಿ ನೀವು ಹೋದ್ಮೇಲೆ ನನಗೆ ಕೂತಲ್ಲಿ ಕೂರ್ಲಿಕ್ಕೆ ಆಗ್ಲಿಲ್ಲ. 'ನೋಡು, ನಮ್ಮ ಸಿನಿಮಾದಲ್ಲಿ ಇಲ್ಲದ್ದು ಇದೇ, ಇಂಥ ಒಬ್ಬ ಮನುಷ್ಯ ಇಲ್ಲ' ಅಂತ ಅವನಿಗೆ ಹೇಳಿದೆ. ಅದನ್ನೇ ಸೀನ್ ಮಾಡ್ತಾನೆ ಅಂತ ಅಂದ್ಕೊಳ್ಳಲಿಲ್ಲ. ಮಾಡಿದ ಮೇಲೂ ಬೇಡ ಅನ್ನಲಿಲ್ಲ, ಅದು ನನ್ನ ತಪ್ಪು. ಚೆಂದ ಇತ್ತು... ಆಸೆ ಆಯ್ತು. ನೀವು ಯಾರನ್ನು ನಂಬಿ ಹೇಳಿದ್ದು ಅಂತ ಒಂದು ಕ್ಷಣ ಮರೆತೆ."

ಸುಳ್ಳು ಹೇಳಬಹುದಿತ್ತು. ಅಕ್ಷಯ್ ತಾನಾಗಿ ಕದ್ದ ಎನ್ನಬಹುದಿತ್ತು. ಅವನು ಹೇಳಲಿಲ್ಲ. ಅಶ್ಮಿತಾ ಅದನ್ನು ಗಮನಿಸಿದಳು.

"ಶುಕ್ರವಾರ ಬರ್ತಿದ್ದದ್ದು ಸಿನಿಮಾಕ್ಕಾ?"

"ಮೊದಲನೇ ಶುಕ್ರವಾರ ಸಿನಿಮಾಕ್ಕೆ. ಎರಡನೇದ್ದಕ್ಕೆ..." ಅವನು ನಿಲ್ಲಿಸಿದ. "ಎರಡನೇ ವಾರಕ್ಕೆ ನನಗೆ ಸಿನಿಮಾ ಮರೆತು ಹೋಗಿತ್ತು. ನಿಮ್ಮ ಹತ್ರ ಕೇಳ್ಲಿಕ್ಕೆ ಪ್ರಶ್ನೆ ಬೇಕಲ್ಲ ಅಂತ ಮನೆಯಲ್ಲಿ ಕೂತು ಅದೇ ಸಿನಿಮಾ ಐದು ಸಲ ನೋಡಿದೆ. ಅಷ್ಟು ಸಲ ಆ ಸಿನಿಮಾ ನೋಡುದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತುಂಟಲ್ಲ!"

ಅವಳಿಗೆ ತಡೆಯಲಾಗಲಿಲ್ಲ. ಕಣ್ಣೀರಿನ ನಡುವೆಯೇ ನಕ್ಕುಬಿಟ್ಟಳು. ನಗುತ್ತಾ ನಗುತ್ತಾ ಗೋಡೆಗೆ ಒರಗಿದಳು.

"ಅಪ್ಪನ ಹತ್ರ ಮತ್ತೆಂತ ಕೇಳಿದ್ರಿ?"

ಲತೀಶನ ಕಿವಿ ಕೆಂಪಾಯಿತು. ಈಗ ಕಾರಣ ಅವಳಿಗೂ ಗೊತ್ತಿತ್ತು.

"ನಿಮ್ಮ ಮಗಳ ಹತ್ರ ಒಂದು ಮಾತು ಕೇಳ್ಬೇಕು, ಕೇಳ್ಬಹುದಾ ಅಂತ."

"ಅದಕ್ಕೆ?"

"'ಅವಳು ಬೈತಾಳೆ, ಬೈಸಿಕೊಳ್ಲಿಕ್ಕೆ ತಯಾರಿದ್ರೆ ಕೇಳು' ಅಂದ್ರು."

"ಮತ್ತೆ ಕೇಳಿ!"

ಗೋಡೆಯಾಚೆ ಯಾರೋ ಲಾರಿಯ ಇಂಜಿನ್ ಚಾಲು ಮಾಡಿ ಬಂದ್ ಮಾಡಿದರು. ಲತೀಶ್ ಕೈಯ ಗ್ರೀಸನ್ನು ಅಂಗಿಗೆ ಒರೆಸಿಕೊಂಡ. ಆ ಕೈ ನಿಜವಾಗಿ ನಡುಗುತ್ತಿತ್ತು. ಅವನು ಅದನ್ನು ಅಡಗಿಸಲಿಲ್ಲ.

"ಅಶ್ಮಿತಾ, ನನಗೆ ನೀವು ಬೇಕು. ನಿಮ್ಮ ಬೈಗುಳವೂ ಬೇಕು. ಜೀವಮಾನ ಪೂರ್ತಿ ಬೇಕು. ಒಲ್ಲೆ ಅಂದ್ರೂ ಸರಿ, ಹೇಳದೆ ಇರ್ಲಿಕ್ಕೆ ಇನ್ನು ನನ್ನಿಂದ ಆಗುದಿಲ್ಲ."

ಅಶ್ಮಿತಾ ಬಾಯಿ ತೆರೆದಳು. ಮಾತು ಬರಲಿಲ್ಲ! ಓದುಗರೇ, ಇದು ಅವಳ ಜೀವನದಲ್ಲಿ ಮೊದಲ ಸಲ.

ಕೊನೆಗೆ ಅವಳೇ ಒಂದು ಗೇಣು ಮುಂದೆ ಬಂದು ಆ ನಡುಗುವ ಕೈಯನ್ನು ಹಿಡಿದುಕೊಂಡಳು. ಅವಳ ಅಂಗೈಗೂ ಗ್ರೀಸಾಯಿತು.

"ನನಗೂ ಹೆದರಿಕೆ ಉಂಟು," ಎಂದಳು ಮೆಲ್ಲಗೆ. "ಎರಡು ವಾರದಲ್ಲಿ ಗೊತ್ತಾಯ್ತು. ನೀವು ಇಲ್ಲದ ಶುಕ್ರವಾರ ನನಗೆ ಆಗುದಿಲ್ಲ. ಇದನ್ನು ನಾನು ಯಾರಿಗೂ ಹೇಳಿಲ್ಲ. ನೀವೂ ಹೇಳ್ಬಾರದು."

"ಯಾರಿಗೂ ಹೇಳುದಿಲ್ಲ."

"ಬರೀಲಿಕ್ಕೂ ಇಲ್ಲ."

"ಬರೆಯುದಿಲ್ಲ. ನಮ್ಮಲ್ಲೇ ಇರ್ಲಿ."

ಅವಳು ಅವನ ಮುಖ ನೋಡಿದಳು. ನಂಬಿಕೆ ಬಂತು. ಎಷ್ಟು ಬಂತೆಂದರೆ, ಹಿಡಿದ ಕೈಯನ್ನು ಇನ್ನೂ ಗಟ್ಟಿಯಾಗಿ ಹಿಡಿದಳು.

"ಒಬ್ಬರಿಗೆ ಮಾತ್ರ ಹೇಳ್ಬಹುದು."

"ಯಾರಿಗೆ?"

"ಅಪ್ಪನಿಗೆ. ನಂಬರ್ ಉಂಟಲ್ಲ ನಿಮ್ಮಲ್ಲಿ?"

"ಉಂಟು... ಎಂತ ಹೇಳ್ಬೇಕು?"

"ಮಗಳು ಬೈಲಿಲ್ಲ ಅಂತ ಹೇಳಿ. ಅಷ್ಟು ಹೇಳಿದ್ರೆ ಅವರಿಗೆ ಎಲ್ಲ ಅರ್ಥ ಆಗ್ತದೆ."